ಶರ್ಮಿಳಾಳ ಮನೆಯ ವೈಫೈ

ಶರ್ಮಿಳಾ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಯಮುನ ಬರೀ ಹೊಟ್ಟೆಕಿಚ್ಚಿಗೆ ಮಾತಾಡುತ್ತಾಳೆ ಅಂತ ಯಾರೂ ಅನ್ನಬಾರದು. ಹೊಟ್ಟೆಕಿಚ್ಚು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವಳು ಒಳ್ಳೆಯವಳಾಗಿದ್ದದ್ದೇ ನನಗೆ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಬೇಲಿ ಹತ್ತಿರ ನಿಂತು ನಾಲ್ಕು ಮಾತು ಆಡಿ, ಮನಸ್ಸು ಹಗುರ ಮಾಡಿಕೊಂಡು ಬರುತ್ತಿದ್ದೆ.

ಕಕ್ಕಬೆಯಿಂದ ಮೇಲೆ ಹೋಗುವ ರಸ್ತೆಯಲ್ಲಿ ಅವಳ ಹೋಂಸ್ಟೇ. ಅದರ ಕೆಳಗೆ, ತಗ್ಗಿನಲ್ಲಿ, ನಮ್ಮ ಮನೆ. ನಡುವೆ ಇರುವ ಎರಡು ಎಕರೆ ಕಾಫಿ ತೋಟವೂ ಅವಳದ್ದೇ. ಗಂಡ ಹಡಗಿನಲ್ಲಿ ಕೆಲಸ, ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. ತೋಟ, ಅಡುಗೆ, ಗೆಸ್ಟುಗಳು, ಎಲ್ಲವನ್ನೂ ಒಬ್ಬಳೇ ನಗುನಗುತ್ತಾ ನೋಡಿಕೊಳ್ಳುತ್ತಾಳೆ. ಐವತ್ತು ಹತ್ತಿರ ಬಂತು, ತಲೆಗೆ ಇನ್ನೂ ಬಣ್ಣ ಹಚ್ಚಬೇಕಾಗಿಲ್ಲ. ನನ್ನ ತಲೆ ನೋಡಿದರೆ ಅವಳ ಅಕ್ಕ ಅಲ್ಲ, ಅತ್ತೆ ಅನ್ನಬೇಕು.

ನಮ್ಮವರು ಗುರುವಪ್ಪ. ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಕರೆದು ಕೆಲಸ ಹಂಚುವುದು, ಸಂಜೆ ಲೆಕ್ಕ ಒಪ್ಪಿಸುವುದು ಅವರ ಕೆಲಸ. ಹೋದ ವರ್ಷ ರಿಟೈರ್ ಆದರು. ಆಗ ನಮ್ಮ ಮಗಳು ರಮ್ಯ ಅಪ್ಪನ ಕೈಗೆ ಒಂದು ಟಚ್ ಫೋನ್ ತಂದುಕೊಟ್ಟಳು. ಅವಳು ಪೊನ್ನಂಪೇಟೆಯಲ್ಲಿ ತಾಲ್ಲೂಕು ಆಫೀಸಿನಲ್ಲಿ ಕೆಲಸದಲ್ಲಿದ್ದಾಳೆ. ಮಗಳು ಒಳ್ಳೆಯದಕ್ಕೇ ಕೊಟ್ಟಳು, ಆದರೆ ನನ್ನ ಸಂಜೆಗಳಿಗೆ ಅಲ್ಲಿಗೆ ಕಲ್ಲು ಬಿತ್ತು.

ಯಾಕೆಂದರೆ ನಮ್ಮ ತಗ್ಗಿಗೆ ಯಾವ ಕಂಪೆನಿಯ ಸಿಗ್ನಲ್ಲೂ ಇಳಿಯುವುದಿಲ್ಲ. ಫೋನಿನಲ್ಲಿ ಮಾತಾಡಬೇಕಾದರೆ ರಸ್ತೆಯ ತಿರುವಿನಲ್ಲಿರುವ ಮೋರಿಯ ಮೇಲೆ ಹೋಗಿ ನಿಲ್ಲಬೇಕು. ಇಂಟರ್‌ನೆಟ್ಟಿಗೆ ಅದೂ ಸಾಲದು. ನಮ್ಮವರು ಮೋರಿಯ ಮೇಲೆ ನಿಂತು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದದ್ದನ್ನು ಶರ್ಮಿಳಾ ಒಂದು ದಿನ ನೋಡಿದಳು. "ಗುರುವಪ್ಪಣ್ಣ, ಇಲ್ಲಿ ನಿಂತು ಎಂಥಕ್ಕೆ ಕಷ್ಟಪಡುದು? ನಮ್ಮಲ್ಲಿ ವೈಫೈ ಉಂಟಲ್ಲ, ಸಿಟೌಟಲ್ಲಿ ಕೂತು ಆರಾಮಾಗಿ ನೋಡಿ," ಅಂದಳಂತೆ. ಅಂದದ್ದೇ ತಡ, ಇವರು ಹೋಗಿಬಿಟ್ಟರು.

ಅವತ್ತಿನಿಂದ ಸಂಜೆ ಐದು ಗಂಟೆ ಆಗಬಾರದು. ಮುಖ ತೊಳೆಯುವುದೇನು, ಶರ್ಟು ಬದಲಾಯಿಸುವುದೇನು!

"ಎಲ್ಲಿಗೆ ಹೊರಟದ್ದು?"

"ನಮ್ಮ ಗೌಡ ಕುಟುಂಬಗಳ ಕ್ರಿಕೆಟ್ಟು ಲೈವ್ ಉಟ್ಟು," ಅನ್ನುತ್ತಾರೆ. ಉಂಟು ಅನ್ನುವುದಕ್ಕೆ ನಮ್ಮ ಅರೆಭಾಷೆಯಲ್ಲಿ ಉಟ್ಟು.

"ಕ್ರಿಕೆಟ್ ನೋಡೋಕೆ ಇಸ್ತ್ರಿ ಶರ್ಟು ಯಾಕೆ? ಬೌಲರ್ ಏನು ನಿಮ್ಮನ್ನ ನೋಡ್ತಾನಾ?"

ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ಮೂವತ್ತು ವರ್ಷ ಸಂಜೆಯಾದರೆ ಈ ಜಗಲಿಯಲ್ಲಿ ನಾವಿಬ್ಬರೂ ಕೂತು ಕಾಫಿ ಕುಡಿದವರು. ನಾನು ಊರಿನ ಸುದ್ದಿ ಎಲ್ಲ ಹೇಳುತ್ತಿದ್ದೆ, ಅವರು ಹ್ಞೂಂ ಅನ್ನುತ್ತಿದ್ದರು. ಇನ್ನೇನು ಬೇಕು ಒಂದು ಸಂಸಾರಕ್ಕೆ? ಈಗ ಹೇಳುವುದೆಲ್ಲ ನನ್ನ ಹೊಟ್ಟೆಯಲ್ಲೇ ಉಳಿದು ಉರಿಯುತ್ತಿತ್ತು.

ತಡೆಯಲಾರದೆ ಒಂದು ಸಂಜೆ ಕಾಡುಮಾವಿನ ಹಣ್ಣು ಕೊಡುವ ನೆಪದಲ್ಲಿ ಮೇಲೆ ಹೋದೆ. ದೂರದಿಂದಲೇ ನಗು ಕೇಳಿಸಿತು. ಸಿಟೌಟಿನಲ್ಲಿ ಮೈಸೂರು ಕಡೆಯ ನಾಲ್ಕೈದು ಗೆಸ್ಟುಗಳು, ನಡುವೆ ಹಲಸಿನಕಾಯಿ ಚಿಪ್ಸಿನ ದೊಡ್ಡ ತಟ್ಟೆ, ಬಾಗಿಲಿಗೆ ಒರಗಿ ಶರ್ಮಿಳಾ. ನಮ್ಮವರು ಎದ್ದು ನಿಂತು, ಎರಡು ಕೈ ಮೇಲೆತ್ತಿ, ಎಸ್ಟೇಟಿನ ಹಾಜರಿ ಹೊತ್ತಿಗೆ ಆನೆ ಬಂದ ಕಥೆ ಹೇಳುತ್ತಿದ್ದರು. ಆನೆ ಬಂದು ಆಳುಗಳ ಸಾಲಿನ ಕೊನೆಯಲ್ಲಿ ನಿಂತಿತಂತೆ. ಇವರು ತಲೆ ಎತ್ತದೆ "ಮುಂದಿನವರು ಯಾರು?" ಅಂದರಂತೆ. ಫೋನು ಮೇಜಿನ ಮೇಲೆ ಮಕಾಡೆ ಬಿದ್ದಿತ್ತು.

"ಆಮೇಲೆ ಗುರುವಪ್ಪಣ್ಣ?" ಅಂತ ಶರ್ಮಿಳಾ ಕೇಳಿದಳು. ಎಷ್ಟು ಅಕ್ಕರೆಯಿಂದ ಕೇಳಿದಳು ಅಂದರೆ ನನ್ನ ಮೈಯೆಲ್ಲ ಉರಿದುಹೋಯಿತು.

"ಆಮೇಲೆ ಎಂಥದ್ದೂ ಇಲ್ಲೆ," ಅಂದೆ, ಮೆಟ್ಟಿಲ ಕೆಳಗಿನಿಂದಲೇ. "ಆನೆ ರಸ್ತೆಯಲ್ಲೇ ಹೋಗಿದ್ದು. ಸಾಲಿಗೆ ಎಲ್ಲಿ ಬಂತು? ಇವರು ಸ್ಟೋರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು."

ಗೆಸ್ಟುಗಳು ಚಿಪ್ಸಿನ ತಟ್ಟೆಗೆ ಕೈ ಹಾಕಿದರು. ನಮ್ಮವರು ಎತ್ತಿದ ಕೈ ಇಳಿಸಿ, ಕುರ್ಚಿಯಲ್ಲಿ ಕೂತು ಫೋನು ತೆಗೆದುಕೊಂಡರು. ಶರ್ಮಿಳಾ ಮಾತ್ರ "ಬನ್ನಿ ಯಮುನಕ್ಕ, ಕಾಫಿ ತಕೊಳ್ಳಿ," ಅಂತ ಕುರ್ಚಿ ಎಳೆದಳು. ಮನೆಯಲ್ಲಿ ಕೆಲಸ ಉಂಟು ಅಂತ ಹೇಳಿ, ಮಾವಿನಹಣ್ಣು ಇಟ್ಟು ಬಂದೆ. ದಾರಿಯಲ್ಲಿ ಇಳಿಯುವಾಗ ಗೆದ್ದ ಹಾಗೆಯೇ ಅನ್ನಿಸಿತ್ತು. ಆದರೆ ಮಾರನೆಯ ದಿನ ಐದು ಗಂಟೆಗೆ ಅವರು ಮತ್ತೆ ಶರ್ಟು ಬದಲಾಯಿಸಿದರು.

ಆಗ ತೀರ್ಮಾನ ಮಾಡಿದೆ. ವೈಫೈ ತಾನೇ ಇವರನ್ನು ಎಳೆಯುವುದು? ಆ ವೈಫೈಯನ್ನೇ ಮನೆಗೆ ತರುತ್ತೇನೆ. ಆಮೇಲೆ ಯಾವ ನೆಪ ಹೇಳಿ ಹೋಗುತ್ತಾರೆ, ನೋಡಿಯೇಬಿಡುವಾ.

ಮೋರಿಯ ಮೇಲೆ ನಿಂತು ರಮ್ಯಳಿಗೆ ಫೋನು ಮಾಡಿದೆ. ನನಗೆ ಇಂಟರ್‌ನೆಟ್ಟಿನ ಗಂಧಗಾಳಿ ಇಲ್ಲ. ಆದರೆ ಶರ್ಮಿಳಾಳ ಮನೆಯದ್ದು ನೂರರ ಸ್ಪೀಡು ಅಂತ ಹೇಗೋ ತಿಳಿದುಕೊಂಡಿದ್ದೆ.

"ನಂಗೆ ಇನ್ನೂರರದ್ದು ಬೇಕು," ಅಂದೆ.

"ಎಂಥ ಇನ್ನೂರು ಅಂತ ಗೊತ್ತುಟ್ಟಾ ಅಮ್ಮ?"

"ಗೊತ್ಲೆ. ಅವಳದ್ದಕ್ಕಿಂತ ಜಾಸ್ತಿ ಇರಬೇಕು, ಅಷ್ಟೆ."

ರಮ್ಯ ನಕ್ಕಳು. ನಗುವುದಕ್ಕೆ ಏನಿತ್ತೋ! "ಅವರದ್ದು ಆರು ರೂಮಿನ ಹೋಂಸ್ಟೇ. ಇಪ್ಪತ್ತು ಜನ ಒಟ್ಟಿಗೆ ನೋಡ್ತಾರೆ, ಅವರಿಗೆ ಬೇಕು. ನೀವು ಇಬ್ಬರು. ಅಪ್ಪ ಕ್ರಿಕೆಟ್ ನೋಡೋಕೆ, ನೀನು ನನ್ನ ಮುಖ ನೋಡಿ ಬೈಯೋಕೆ, ಎಲ್ಲಕ್ಕಿಂತ ಸಣ್ಣ ಪ್ಲಾನು ಧಾರಾಳ ಸಾಕು. ಸ್ಪೀಡು ಕೇಳ್ಬೇಡ. ಟ್ಯಾಕ್ಸ್ ಸೇರಿ ತಿಂಗಳಿಗೆ ಒಟ್ಟು ಎಷ್ಟು ಅಂತ ಕೇಳು. ವೈಫೈ ಪೆಟ್ಟಿಗೆ ಫ್ರೀ ಕೊಡ್ತಾರಾ, ಇಲ್ಲ ನಾವೇ ತಕೊಳ್ಬೇಕಾ ಅಂತ ಕೇಳು. ಮತ್ತೆ, ಹಾಳಾದ ದಿನ ಯಾರು ಬರ್ತಾರೆ? ಅದೇ ಮುಖ್ಯ ಅಮ್ಮ. ಬೆಂಗಳೂರಿನ ನಂಬರಿಗೆ ಫೋನ್ ಮಾಡಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತಾರೆ. ಅದು ನಿಂಗೆ ಆಗುದಿಲ್ಲೆ."

ಅದು ಸರಿ. ನನಗೆ ಒತ್ತಲಿಕ್ಕೆ ಸಿಕ್ಕಿದರೆ ನಂಬರನ್ನಲ್ಲ, ಅವರ ಕುತ್ತಿಗೆಯನ್ನೇ ಒತ್ತುತ್ತೇನೆ.

ಸಿಮ್ ಹಾಕುವ ಪೆಟ್ಟಿಗೆ ಒಂದು ಬರುತ್ತದಂತೆ, ಅದಕ್ಕೆ ಸಿಗ್ನಲ್ ಬೇಕು. ಸಿಗ್ನಲ್ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆಕಾಶದಿಂದ ಇಳಿಸುವ ಡಿಶ್ಶಿನ ಬೆಲೆ ಕೇಳಿದರೆ ಅದರಲ್ಲಿ ಒಂದು ಹಸು ಬರುತ್ತದೆ. ಉಳಿದದ್ದು ಫೈಬರ್ ಲೈನು. ನಾಪೋಕ್ಲಿನಿಂದ ಟಿವಿ ಕೇಬಲ್ ಎಳೆಯುವ ಅನಿಲ್‌ಕುಮಾರನೇ ಈಗ ಅದನ್ನೂ ಎಳೆಯುತ್ತಾನೆ. ಅವನನ್ನು ಕರೆಸಿ, ಮಗಳು ಹೇಳಿಕೊಟ್ಟದ್ದನ್ನೆಲ್ಲ ಕೇಳಿದೆ. ತಿಂಗಳಿಗೆ ಎಲ್ಲ ಸೇರಿ ಐನೂರರ ಒಳಗೆ. ಪೆಟ್ಟಿಗೆ ಫ್ರೀ. ಹಾಳಾದರೆ ಅವನೇ ಬೈಕಿನಲ್ಲಿ ಬರುತ್ತಾನೆ. ಇಷ್ಟು ಸುಲಭವಾ ಅಂತ ನನಗೇ ಆಶ್ಚರ್ಯವಾಯಿತು.

"ಒಂದು ಗಂಟೆ ಕೆಲಸ ಯಮುನಕ್ಕ," ಅಂದ ಅನಿಲ್‌ಕುಮಾರ, ಮೇಲೆ ಕೈ ತೋರಿಸಿ. "ಶರ್ಮಿಳಕ್ಕನ ಗೇಟಿನ ಹತ್ರವೇ ಪಾಯಿಂಟ್ ಉಂಟು. ಅವರ ತೋಟದ ಸಿಲ್ವರ್ ಓಕ್ ಮರಗಳಿಗೆ ಕಟ್ಟಿ ಕೆಳಗೆ ಇಳಿಸಿದ್ರೆ ಆಯ್ತು. ವೈರ್‌ಗೂ ದುಡ್ಡಿಲ್ಲ. ಅವರ ಹತ್ರ ಒಂದು ಮಾತು ಕೇಳಿ."

ಅವಳಿಂದ ಗಂಡನನ್ನು ಬಿಡಿಸಿಕೊಳ್ಳುವುದಕ್ಕೆ ಅವಳ ಮರವನ್ನೇ ಕೇಳಬೇಕಾ?

"ಬೇರೆ ದಾರಿ ಇಲ್ವಾ?"

"ಉಂಟು. ಆ ಕಡೆಯಿಂದ ಸುತ್ತಿ, ವಸಂತಣ್ಣನ ತೋಟದ ಮೇಲೆ ತರ್ಬೇಕು. ವೈರು ತುಂಬ ಬೇಕು, ಅದಕ್ಕೆ ನೀವೇ ಕೊಡ್ಬೇಕಾಗ್ತದೆ. ಸುಮ್ಮನೆ ಯಾಕೆ?"

"ಅದೇ ಹಾಕು."

ಜಗಲಿಯಲ್ಲಿ ಕೂತಿದ್ದ ನಮ್ಮವರು ತಲೆ ಎತ್ತಿ "ಯಮುನ, ವಸಂತ ಈ ವಾರ..." ಅಂತ ಏನೋ ಶುರು ಮಾಡಿದರು.

"ನೀವು ಸುಮ್ಮನಿರಿ. ವಸಂತ ನನ್ನ ಮಾತು ತೆಗೆದುಹಾಕುವವ ಅಲ್ಲ," ಅಂದೆ. ವಸಂತ ಇವರ ಚಿಕ್ಕಪ್ಪನ ಮಗ. ಜೀಪಿನಲ್ಲಿ ಹೋಗುತ್ತಿದ್ದವನನ್ನು ರಸ್ತೆಯಲ್ಲೇ ನಿಲ್ಲಿಸಿ ಕೇಳಿದೆ. "ಅದಕ್ಕೇನು ಅತ್ತಿಗೆ, ಕಟ್ಟಿಕೊಳ್ಳಿ," ಅಂದವನು ಗೇರು ಹಾಕಿ ಹೊರಟೇಹೋದ.

ಅನಿಲ್‌ಕುಮಾರ ಇಡೀ ದಿನ ಮರದಿಂದ ಮರಕ್ಕೆ ಏಣಿ ಇಟ್ಟು ಲೈನು ತಂದ. ಗೋಡೆಯ ಮೇಲೆ ಬಿಳಿಯ ಪೆಟ್ಟಿಗೆ ಕೂತು, ಹಸಿರು ದೀಪ ಹತ್ತಿದಾಗ ನನಗೆ ಆದ ಸಂತೋಷ ಈ ಮನೆಯ ಗೃಹಪ್ರವೇಶದ ದಿನವೂ ಆಗಿರಲಿಲ್ಲ. ಸಂಜೆ ಐದಾಯಿತು. ನಮ್ಮವರು ಎದ್ದರು, ಶರ್ಟಿನ ಕಡೆ ಒಮ್ಮೆ ನೋಡಿದರು, ಮತ್ತೆ ಕೂತರು. ಈಗ ಹೋಗಿ ನೋಡುವಾ, ಅಂತ ಮನಸ್ಸಿನಲ್ಲೇ ಕುಣಿದೆ.

ಅವರು ಜಗಲಿಯಲ್ಲಿ ಕ್ರಿಕೆಟ್ ನೋಡಿದರು, ಹಾವು ಹಿಡಿಯುವವರನ್ನು ನೋಡಿದರು. ನಾನು ಪಕ್ಕದಲ್ಲಿ ಕೂತು ಹಿಂದಿನ ಹಾಗೆಯೇ ಎಲ್ಲ ಸುದ್ದಿ ಹೇಳಿದೆ. ಅವರು ಹ್ಞೂಂ ಅಂದರು. ಎಲ್ಲ ಮೊದಲಿನ ಹಾಗೇ ಆಯಿತು. ಮೂರನೆಯ ದಿನಕ್ಕೆ ನನಗೂ ಚಪಲ ಹತ್ತಿತು. ಫೋನಿಗೆ ಕನ್ನಡದಲ್ಲೇ ಮಾತಾಡಿದರೆ ಅದು ಹುಡುಕಿಕೊಡುತ್ತದೆ ಅಂತ ರಮ್ಯ ಹೇಳಿದ್ದಳು. ಜನ ಇಂಟರ್‌ನೆಟ್ಟಿನಲ್ಲಿ ಮೊದಲು ಏನು ಕೇಳುತ್ತಾರೋ ಗೊತ್ತಿಲ್ಲ, ದೇವರ ಹಾಡೋ, ಕರಿಮೆಣಸಿನ ರೇಟೋ. ಇವರು ಸ್ನಾನಕ್ಕೆ ಹೋಗಿದ್ದಾಗ ನಾನು ಕೇಳಿದ್ದು ಶರ್ಮಿಳಾಳ ಹೋಂಸ್ಟೇಯನ್ನು.

ಬಂತು ಮಾರಾಯ್ರೆ! ಅವಳ ಮನೆ, ಅವಳ ಹೂವು, ಅವಳ ಹಂದಿಮಾಂಸದ ಪಂದಿ ಕರಿ. ಕೆಳಗೆ ಜನ ಬರೆದದ್ದು. ಯಾರಾದರೂ ಒಬ್ಬರು ಬೈದಿರಬಾರದಾ ಅಂತ ಹುಡುಕುತ್ತಾ ಹೋದೆ. ಯಾರೂ ಬೈದಿರಲಿಲ್ಲ. ಒಬ್ಬಳು ಮೈಸೂರಿನವಳು ಕನ್ನಡದಲ್ಲಿ ಬರೆದಿದ್ದಳು. "ಊಟ ಚೆನ್ನಾಗಿದೆ. ಸಂಜೆ ಬರುವ ಗುರುವಪ್ಪ ಅಂಕಲ್ ಹೇಳುವ ಕಥೆಗಳನ್ನು ತಪ್ಪಿಸಿಕೊಳ್ಳಬೇಡಿ." ಜೊತೆಗೆ ಒಂದು ಫೋಟೋ. ನಮ್ಮವರು ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ ನಗುತ್ತಿದ್ದಾರೆ. ಒಳಗಿನ ಕಟ್ಟಿಸಿದ ಹಲ್ಲು ಕೂಡ ಕಾಣುತ್ತದೆ.

ಆ ಫೋಟೋವನ್ನು ಎಷ್ಟು ಹೊತ್ತು ನೋಡಿದೆನೋ. ಈ ನಗುವನ್ನು ನಾನು ನಮ್ಮ ಮನೆಯಲ್ಲಿ ಕೊನೆಯ ಸಲ ನೋಡಿದ್ದು ಯಾವಾಗ ಅಂತ ನೆನಪು ಮಾಡಿಕೊಂಡೆ. ರಮ್ಯ ಹುಟ್ಟಿದಾಗ ನಕ್ಕಿದ್ದರು. ಅದರ ನಂತರದ್ದು ಬೇಗ ನೆನಪಿಗೆ ಬರಲಿಲ್ಲ. ನನ್ನ ಗಂಡನ ನಗು ನೋಡುವುದಕ್ಕೆ ನಾನು ಇಂಟರ್‌ನೆಟ್ಟಿಗೆ ಹೋಗಬೇಕಾಯಿತು, ಅದೂ ಶರ್ಮಿಳಾಳ ಹೆಸರು ಹೇಳಿ. ಹೊಟ್ಟೆಕಿಚ್ಚು ಅಂದರೆ ಉರಿ ಅಂದುಕೊಂಡಿದ್ದೆ. ಅವತ್ತು ಅದು ಉರಿಯಲಿಲ್ಲ, ಚಳಿಯ ಹಾಗೆ ಕೊರೆಯಿತು.

ಆ ವಾರ ಕಳೆಯುವುದರೊಳಗೆ ಲೈನು ಹೋಯಿತು. ಬೆಳಿಗ್ಗೆಯಿಂದ ವಸಂತನ ತೋಟದಲ್ಲಿ ಕತ್ತಿ ಬೀಳುವ ಸದ್ದು ಕೇಳುತ್ತಲೇ ಇತ್ತು. ಮರ ಕಪಾತು, ಅಂದರೆ ಮಳೆ ಹಿಡಿಯುವ ಮೊದಲು ನೆರಳಿನ ಮರಗಳ ರೆಂಬೆ ಇಳಿಸುವ ಕೆಲಸ. ಪ್ರತಿ ವರ್ಷ ಇದೇ ಹೊತ್ತಿಗೆ ಎಲ್ಲರ ತೋಟದಲ್ಲೂ ನಡೆಯುತ್ತದೆ, ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಒಂದು ದೊಡ್ಡ ರೆಂಬೆ ಬಿದ್ದ ಸದ್ದಾಯಿತು, ನಮ್ಮ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು.

ಮೋರಿಯ ಮೇಲಿಂದ ಫೋನು ಮಾಡಿದರೆ ಅನಿಲ್‌ಕುಮಾರ ತಲೆ ಚಚ್ಚಿಕೊಂಡದ್ದು ಇತ್ತ ಕೇಳಿಸಿತು. "ನಾನು ಪೇಟೆಯವ ಯಮುನಕ್ಕ. ಕಪಾತಿನ ಹೊತ್ತಲ್ಲಿ ಆ ಮರಗಳಿಗೆ ಲೈನು ಕಟ್ಟು ಅಂತ ತೋಟದವರಾಗಿ ನೀವು ಹೇಳುದಾ? ಶರ್ಮಿಳಕ್ಕ ಲೈನಿನ ಮರಕ್ಕೆ ಕತ್ತಿ ಮುಟ್ಟಿಸುದಿಲ್ಲ. ಅದಕ್ಕೇ ನಾನು ಅವರನ್ನ ಕೇಳಿ ಅಂದದ್ದು."

ಸಿಟ್ಟೆಲ್ಲ ಜಗಲಿಯಲ್ಲಿ ಕೂತವರ ಮೇಲೆ ತಿರುಗಿತು. "ನಿಮಗೆ ಗೊತ್ತಿತ್ತಲ್ಲ? ಮೂವತ್ತು ವರ್ಷ ಕಪಾತು ಮಾಡಿಸಿದವರು!"

"ಅದನ್ನೇ ಹೇಳೋಕೆ ಹೊರಟಿದ್ದೆ."

"ಹೊರಟರೆ ಸಾಕಾ? ಹೇಳಬೇಕಿತ್ತು!"

"ಹ್ಞೂಂ," ಅಂದರು. ಐದು ಗಂಟೆಗೆ ಶರ್ಟು ಬದಲಾಯಿಸಿ ಮೇಲೆ ಹೋದರು. ಹೋಗುವಾಗ ಸಿಳ್ಳೆ ಹಾಕುತ್ತಿದ್ದರು.

ಮಾರನೆಯ ಬೆಳಿಗ್ಗೆ ಮಾನ ಮರ್ಯಾದೆ ಎಲ್ಲ ಮನೆಯಲ್ಲಿಟ್ಟು ಶರ್ಮಿಳಾಳ ಅಡುಗೆಮನೆಗೆ ಹೋದೆ. ಅವಳು ಗೆಸ್ಟುಗಳಿಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನಾಲ್ಕು ಸಲ ಅಭ್ಯಾಸ ಮಾಡಿಕೊಂಡ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ನಿನ್ನ ಮರದ ಮೇಲಿಂದ ನಮಗೊಂದು ಲೈನು ಇಳಿಸಿಕೊಳ್ಳಬಹುದಾ ಅಂತ.

"ಅಯ್ಯೋ ಯಮುನಕ್ಕ, ಇದನ್ನ ಕೇಳ್ಬೇಕಾ?" ಅಂದಳು, ಕೈಯ ಹಿಟ್ಟು ಒರೆಸಿಕೊಳ್ಳುತ್ತಾ. "ಹೋದ ವರ್ಷವೇ ಗುರುವಪ್ಪಣ್ಣನ ಹತ್ರ ಹೇಳಿದ್ದೆನಲ್ಲ. ನಮ್ಮ ಮರದಿಂದ್ಲೇ ಎಳ್ಕೊಳ್ಳಿ, ದಿನಾ ಗುಡ್ಡ ಹತ್ತುದು ತಪ್ತದೆ ಅಂತ. ನಿಮಗೆ ಮನೇಲಿ ಇಂಟರ್‌ನೆಟ್ ಹಾಕಿಸುದು ಇಷ್ಟ ಇಲ್ಲ ಅಂದ್ರು. ನಾನೂ ಮತ್ತೆ ಕೇಳ್ಲಿಲ್ಲ."

ನನಗೆ ಇಷ್ಟ ಇಲ್ಲ ಅಂತ! ನನ್ನ ಹತ್ತಿರ ಒಂದು ಮಾತು ಕೇಳದೆ, ನನ್ನ ಹೆಸರಲ್ಲೇ ಬೇಡ ಅಂದಿದ್ದಾರೆ. ನಾನು ಸ್ಪೀಡು, ಪ್ಲಾನು, ಪೆಟ್ಟಿಗೆ ಅಂತ ಓಡಾಡುತ್ತಿದ್ದೆ, ಈ ಮನುಷ್ಯನಿಗೆ ಮನೆಗೆ ಲೈನೇ ಬೇಕಿರಲಿಲ್ಲ. ಶರ್ಮಿಳಾ ನನ್ನ ಮುಖ ನೋಡಿ ಕೂರಿಸಿ, ಒಂದು ಬಿಸಿ ರೊಟ್ಟಿ ಹಾಕಿಕೊಟ್ಟಳು. ಬೇಡ ಅನ್ನುವುದಕ್ಕೂ ಆಗಲಿಲ್ಲ. ರೊಟ್ಟಿ ನನ್ನದಕ್ಕಿಂತ ತೆಳ್ಳಗಿತ್ತು.

ಅನಿಲ್‌ಕುಮಾರ ಬಂದು, ಹೇಳಿದ ಹಾಗೆಯೇ ಒಂದು ಗಂಟೆಯಲ್ಲಿ ಕೆಲಸ ಮುಗಿಸಿದ. ಹಸಿರು ದೀಪ ಮತ್ತೆ ಹತ್ತಿತು. ಸಂಜೆ ನಮ್ಮವರು ಪೆಟ್ಟಿಗೆಯನ್ನು ನೋಡಿ, "ಇನ್ನು ಮೇಲೆ ಹೋಗುವ ಕೆಲಸ ಇಲ್ಲೆ," ಅಂದರು. ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು ಆ ಮುಖ. ನಾನು ಎರಡು ಲೋಟ ಕಾಫಿ ತಂದಿಟ್ಟು ಎದುರಿಗೆ ಕೂತೆ.

"ಶರ್ಮಿಳಾ ಹೋದ ವರ್ಷವೇ ಲೈನು ತಕೊಳ್ಳಿ ಅಂದಿದ್ದಳಂತೆ. ನನ್ನ ಹೆಸರು ಹೇಳಿ ಯಾಕೆ ಬೇಡ ಅಂದಿರಿ?"

ಅವರು ಫೋನನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಇನ್ನು ಹೇಳುವುದಿಲ್ಲ ಅಂದುಕೊಂಡೆ. ಅವರ ಉತ್ತರವನ್ನೂ ನಾನೇ ಹೇಳಿಬಿಡೋಣ ಅಂತ ಉಸಿರು ತೆಗೆದುಕೊಂಡಾಗ ಅವರ ಬಾಯಿ ತೆರೆಯಿತು.

"ಅಲ್ಲಿ ನಾನು ಒಂದು ಮಾತು ಶುರು ಮಾಡಿದ್ರೆ ಅದು ಮುಗಿಯುವವರೆಗೆ ಕೇಳ್ತಾರೆ," ಅಂದರು. "ಇಲ್ಲಿ ಶುರು ಮಾಡೋಕೇ ಆಗುದಿಲ್ಲೆ, ಯಮುನ."

ಒಂದಲ್ಲ, ಹತ್ತು ಉತ್ತರ ಬಂತು ನನ್ನ ನಾಲಿಗೆಯ ತುದಿಗೆ. ಮನೆ ನಡೆಸಿದವಳು ಯಾರು, ಮಗಳನ್ನು ಓದಿಸಿದವಳು ಯಾರು, ನಾನು ಮಾತಾಡದೇ ಇದ್ದಿದ್ದರೆ ಈ ಮನೆಯಲ್ಲಿ ಮಾತೇ ಇರುತ್ತಿತ್ತಾ, ಎಲ್ಲ ಬಂತು. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಏನು ಬಂದರೂ ತಗಲಿಸಿಕೊಳ್ಳುವುದಕ್ಕೆ ತಯಾರಾಗಿ, ತೋಳು ಸ್ವಲ್ಪ ಮುದುಡಿಕೊಂಡು. ಎಷ್ಟು ವರ್ಷದಿಂದ ಹೀಗೆ ಕೂತಿದ್ದಾರೋ, ನಾನು ನೋಡಿರಲೇ ಇಲ್ಲ. ನನ್ನ ಕಣ್ಣು ತುಂಬಿತು. ಬಾಯಿ ಮುಚ್ಚಿದೆ.

"ಹೇಳಿ," ಅಂದೆ. "ನಾನು ನಡುವೆ ಬರುದಿಲ್ಲೆ."

ಅವರಿಗೆ ನಂಬಿಕೆ ಬರಲಿಲ್ಲ. ಕಾಫಿ ಕುಡಿದರು. ನಾನು ಸುಮ್ಮನೇ ಕೂತಿದ್ದೆ. ಲೋಟ ಕೆಳಗಿಟ್ಟು, ಫೋನನ್ನು ಪಕ್ಕಕ್ಕೆ ಸರಿಸಿ, ಗಂಟಲು ಸರಿ ಮಾಡಿಕೊಂಡರು.

"ಮೊನ್ನೆ ಶರ್ಮಿಳಾ ಎಂಥ ಹೇಳಿದ್ಲು ಗೊತ್ತುಟ್ಟಾ..." ಅಂತ ಶುರು ಮಾಡಿದರು.

ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಹಲ್ಲು ಕಚ್ಚಿ, ಅದು ಮುಗಿಯುವವರೆಗೂ ಕೇಳಿದೆ.